ಸ್ನೋ ಪೌಡರು ಮಾರಲು ಹೊರಟದ್ದು

ನಿಮ್ಮ ಅಮ್ಮ ಈ ಕಥೆ ಹೇಳುವಾಗ ಅಜ್ಜಿ ಹದಿನೈದು ಲಿಪ್‌ಸ್ಟಿಕ್ ಹಂಚಿಬಿಟ್ಟಳು ಎನ್ನುತ್ತಾಳೆ. ನಿಮ್ಮ ಅಪ್ಪ ಇಪ್ಪತ್ತು ಎನ್ನುತ್ತಾರೆ. ದೀಪಾವಳಿಗೆ ಬಂದ ನೆಂಟರ ಮುಂದೆ ಆ ಸಂಖ್ಯೆ ಇನ್ನೂ ಮೇಲೇರುತ್ತದೆ. ಕೊಟ್ಟವಳು ನಾನು, ಆದ್ದರಿಂದ ನನಗೆ ಗೊತ್ತು: ಒಂಬತ್ತು. ಅದರ ಜೊತೆಗೆ ನಾಲ್ಕು ಕ್ರೀಮಿನ ಡಬ್ಬಿ, ಎರಡು ಕಾಡಿಗೆ ಕಡ್ಡಿ. ನಾನು ಮಾಡಿದ ದಡ್ಡತನವನ್ನು ಬೇರೆಯವರು ದೊಡ್ಡದು ಮಾಡಬೇಕಾಗಿಲ್ಲ, ಇದ್ದಷ್ಟೇ ಸಾಕಷ್ಟು ದೊಡ್ಡದಾಗಿದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನಿಮ್ಮಿಬ್ಬರಲ್ಲಿ ದೊಡ್ಡವಳು ಆಸ್ಟಿನ್‌ನಲ್ಲಿ ಕಾಲೇಜು ಮುಗಿಸುವ ಹೊತ್ತಿಗೆ ಕನ್ನಡ ಓದುವುದನ್ನು ಮರೆತಿರುತ್ತಾಳೋ ಏನೋ. ಚಿಕ್ಕವಳು ಭಾನುವಾರದ ಕನ್ನಡ ಕ್ಲಾಸಿನಲ್ಲಿ ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಾಳೆ. ಅವಳ ಅನುಕೂಲಕ್ಕೆ ಒತ್ತಕ್ಷರ ಕಡಿಮೆ ಮಾಡಿ ಬರೆಯೋಣವೆಂದು ಕೂತೆ. ಮೊದಲ ಸಾಲಿನಲ್ಲೇ ಅಮ್ಮ, ಅಜ್ಜಿ ಇಬ್ಬರೂ ಬಂದುಬಿಟ್ಟರು. ನಿಧಾನವಾಗಿ ಓದಿಕೊಳ್ಳಲಿ.

ನಾನು ನಾಚಿಕೆಯ ಹೆಂಗಸು ಎಂಬುದು ನಿಮಗೆ ಗೊತ್ತು, ಎಷ್ಟು ಎಂಬುದು ಗೊತ್ತಿಲ್ಲ. ನಾನು ಓದಿದ್ದು ನಾಗಮಂಗಲದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಮೇಷ್ಟರು ಹಾಜರಿ ಕೂಗುವಾಗ ಹುಡುಗಿಯರೆಲ್ಲ ‘ಬಂದಿದ್ದೀನಿ ಸಾರ್’ ಎನ್ನುತ್ತಿದ್ದರು. ನನ್ನ ಹೆಸರು ಬಂದಾಗ ನಾನು ಕೈ ಮಾತ್ರ ಎತ್ತುತ್ತಿದ್ದೆ. ಮೇಷ್ಟರು ತಲೆ ಎತ್ತಿ ನೋಡುವ ಪೈಕಿಯಲ್ಲ. ಎರಡು ಮಾರು ದೂರದಲ್ಲಿ ಕೂತಿದ್ದರೂ ನನಗೆ ಗೈರುಹಾಜರಿ ಬೀಳುತ್ತಿತ್ತು. ವರ್ಷದ ಕೊನೆಗೆ ನಮ್ಮ ಅಪ್ಪನನ್ನು ಕರೆಸಿ, ಹುಡುಗಿಯನ್ನು ಸರಿಯಾಗಿ ಶಾಲೆಗೆ ಕಳಿಸಿ ಎಂದು ಬುದ್ಧಿ ಹೇಳಿದರು. ಅಪ್ಪ ಮನೆಗೆ ಬಂದು ಬೆನ್ನಿಗೆ ಎರಡು ಬಿಟ್ಟರು. ದಿನಾ ಹೋಗಿದ್ದೆನಪ್ಪ ಎಂದು ಹೇಳಲು ಆಗಲೂ ಬಾಯಿ ಬರಲಿಲ್ಲ.

ಇಂಥವಳು ನಿಮ್ಮ ತಾತ ಹೋದ ಮೇಲೆ ನಿಮ್ಮ ಜೊತೆ ಇರಲೆಂದು ವಿಮಾನ ನಿಲ್ದಾಣದ ಪಕ್ಕದ ಈ ಕಾಪೆಲ್‌ಗೆ ಬಂದೆ. ಏಳು ವರ್ಷವಾಯಿತು. ಬೆಳಿಗ್ಗೆ ನೀವೆಲ್ಲ ಒಬ್ಬೊಬ್ಬರಾಗಿ ಗ್ಯಾರೇಜಿನಿಂದ ಹೊರಟುಹೋದರೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಸದ್ದು. ಐದೈದು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಹೊಟ್ಟೆ ತೋರಿಸಿಕೊಂಡು ಇಳಿಯುತ್ತದೆ. ಅದರಲ್ಲಿ ಇನ್ನೂರು ಜನ ಇರುತ್ತಾರಂತೆ. ನನ್ನನ್ನು ಮಾತಾಡಿಸುವವರು ಮಾತ್ರ ಒಬ್ಬರೂ ಇಳಿಯುವುದಿಲ್ಲ. ಫೋನ್ ಬರುತ್ತಿತ್ತು, ಅದು ಕಾರಿನ ವಾರಂಟಿಯ ಬಗ್ಗೆ ಕೇಳುವ ಯಂತ್ರದ ಧ್ವನಿ. ನನಗೆ ಕಾರಿಲ್ಲ. ಆದರೂ ಪೂರ್ತಿ ಕೇಳಿಸಿಕೊಂಡೇ ಇಡುತ್ತಿದ್ದೆ. ಮಧ್ಯದಲ್ಲಿ ಇಟ್ಟರೆ ಯಂತ್ರಕ್ಕೆ ಬೇಸರವಾದೀತು ಎನ್ನುವಷ್ಟು ಸಂಕೋಚ.

ಎರಡು ವರ್ಷದ ಹಿಂದೆ ಒಂದು ಶನಿವಾರ ಇಂಡಿಯನ್ ಸ್ಟೋರಿನಲ್ಲಿ ಹೀರೇಕಾಯಿ ಆರಿಸುತ್ತಿದ್ದೆ. ನಿಮ್ಮ ಅಮ್ಮ ಆ ತುದಿಯಿಂದ “ಅಮ್ಮಾ, ತೆಂಗಿನಕಾಯಿ ಎರಡು ಸಾಕಾ?” ಎಂದು ಕೂಗಿದಳು. ಅದು ಕಿವಿಗೆ ಬಿದ್ದು ಪಕ್ಕದಲ್ಲಿದ್ದ ಹೆಂಗಸು ನನ್ನ ಕಡೆ ತಿರುಗಿದರು.

“ಅಕ್ಕಾರ, ಕನ್ನಡದವರೇನ್ರಿ! ಈ ಹೀರೀಕಾಯಿ ಎಳೀವು ಅದಾವೇನ್ ನೋಡ್ರಿ. ನನಗ ಹಿಡದ್ರ ಗೊತ್ತಾಗಂಗಿಲ್ಲ, ಮನೀಗೆ ಹೋಗಿ ಹೆಚ್ಚಿದ್ರ ಬರೇ ನಾರ.”

ನಾನು ಅವರ ಕೈಯಲ್ಲಿದ್ದ ನಾಲ್ಕನ್ನು ತೆಗೆದಿಟ್ಟು ಬೇರೆ ನಾಲ್ಕು ಆರಿಸಿಕೊಟ್ಟೆ. ಅದೇ ಪರಿಚಯ. ಫೋನ್ ನಂಬರನ್ನು ನನ್ನಿಂದಲ್ಲ, ನಿಮ್ಮ ಅಮ್ಮನಿಂದ ತೆಗೆದುಕೊಂಡರು. ಧಾರವಾಡದ ಕಡೆಯವರು, ಇಲ್ಲಿ ಫ್ರಿಸ್ಕೋದಲ್ಲಿ ಮನೆ, ಶಾಲೆಗೆ ಹೋಗುವ ಒಬ್ಬಳೇ ಮಗಳು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಹೆಸರು ಬರೆಯುವುದಿಲ್ಲ, ಫ್ರಿಸ್ಕೋದವರು ಎಂದೇ ಕರೆಯುತ್ತೇನೆ.

ಮರುದಿನದಿಂದ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಅವರ ಫೋನು. “ಅಕ್ಕಾರ, ಏನ್ ಮಾಡಾಕತ್ತೀರಿ?” ಎಂದು ಶುರುವಾದರೆ ಮುಕ್ಕಾಲು ಗಂಟೆ. ಮಾತು ಅವರದು, ಹೂಂ ನನ್ನದು. ಪಕ್ಕದ ಮನೆಯ ನಾಯಿ, ಅತ್ತಿಗೆಯ ಮಂಡಿ ಆಪರೇಷನ್ನು, ಮಗಳಿಗೆ ಗಣಿತ ಹತ್ತದಿರುವುದು. ನಾನು ಹತ್ತೂ ಮುಕ್ಕಾಲಿಗೇ ಒಲೆ ಆರಿಸಿ, ಕೈ ಒರೆಸಿಕೊಂಡು, ಫೋನಿನ ಎದುರಿಗೆ ಪರೀಕ್ಷೆಗೆ ಬಂದವಳ ಹಾಗೆ ಕೂತಿರುತ್ತಿದ್ದೆ. ಇಷ್ಟಾದರೂ ನಾನಾಗಿ ಅವರಿಗೆ ಒಂದು ದಿನವೂ ಫೋನ್ ಮಾಡಿರಲಿಲ್ಲ. ಎತ್ತುವುದು ಬರುತ್ತಿತ್ತು, ಹಸಿರು ಗುಂಡಿ. ಮಾಡುವುದಕ್ಕೆ ಧೈರ್ಯ ಬೇಕು.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಫೋನಿನ ಬದಲು ಅವರೇ ಬಂದರು. ಹಿಂದೆ ಗಾಲಿಯ ಮೇಲೆ ಉರುಳುವ ಒಂದು ಬೂದು ಬಣ್ಣದ ಪೆಟ್ಟಿಗೆ. ಊಟದ ಮೇಜಿನ ಮೇಲೆ ಅದನ್ನು ತೆರೆದರು. ಮೆಟ್ಟಿಲು ಮೆಟ್ಟಿಲಾಗಿ ತೆರೆದುಕೊಂಡಿತು: ಡಬ್ಬಿ, ಸೀಸೆ, ಕುಂಚ, ಕಡ್ಡಿ. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಒಟ್ಟಾಗಿ ಸ್ನೋ ಪೌಡರು ಎನ್ನುತ್ತಿದ್ದೆವು. ನನ್ನ ಮುಖ ಸ್ನೋ ಕಂಡದ್ದು ಮದುವೆಯ ದಿನ ಒಂದೇ ಸಲ. ಅದು ಬೆವರಿಗೆ ಕರಗಿ ಕಣ್ಣಿಗೆ ಇಳಿದು ದಳದಳ ನೀರು ಸುರಿಯಿತು. ತವರು ಬಿಡುವ ದುಃಖವೆಂದು ಹೆಂಗಸರೆಲ್ಲ ಸಮಾಧಾನ ಮಾಡಿದರು. ಉರಿ ಎಂದು ಹೇಳಲಾಗದೆ ಅವರ ಜೊತೆ ಇನ್ನಷ್ಟು ಅತ್ತೆ.

“ಮನ್ಯಾಗ ಕುಂತ ಮಾಡೂ ಬಿಸಿನೆಸ್ಸರಿ ಅಕ್ಕಾರ,” ಎಂದರು ಫ್ರಿಸ್ಕೋದವರು. “ಮಂದಿ ಬರ್ತಾರ, ಹಚ್ಚಿ ತೋರಸ್ತೀರಿ, ತಗೊಂಡ ಹೋಗ್ತಾರ. ನೀವು ನನ್ನ ಟೀಮಿಗೆ ಬರ್ರಿ. ನಿಮ್ಮ ಕೆಳಗ ಒಂದ್ ನಾಕ ಮಂದಿ ಸೇರಸ್ರಿ. ಆಮ್ಯಾಲ ಅವರು ಮಾರಿದ್ದರಾಗೂ ನಿಮಗ ಪಾಲು.”

“ನನ್ನ ಹತ್ರ ಯಾರು ತಗೋತಾರೆ ಕಣಮ್ಮ? ನಾನು ಹಣೆಗೇ ಏನೂ ಇಡೋಳಲ್ಲ.”

“ಗಂಡ ಅದಾನೋ ಇಲ್ಲೋ ಅಂತ ಕ್ರೀಮ್ ಕೇಳ್ತೈತೇನ್ರಿ?”

ಇಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ನೋಡೋಣ ಎಂದೆ. ನೋಡೋಣ ಎಂದರೆ ಬೇಡ ಎಂದರ್ಥ ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಫ್ರಿಸ್ಕೋದವರು ಅದನ್ನು ಹೂಂ ಎಂದೇ ಹಿಡಿದು, ಮುಂದಿನ ಶನಿವಾರ ಹ್ಯೂಸ್ಟನ್‌ನಲ್ಲಿ ದೊಡ್ಡ ಮೀಟಿಂಗ್ ಐತ್ರಿ, ನಾನ ಡ್ರೈವ್ ಮಾಡ್ತೀನಿ, ಎಂದು ಹೊರಟೇಬಿಟ್ಟರು.

ಹ್ಯೂಸ್ಟನ್‌ಗೆ ನಾಲ್ಕು ಗಂಟೆಯ ದಾರಿ. ನಾನು ಚಿತ್ರಾನ್ನ ಕಟ್ಟಿಕೊಂಡಿದ್ದೆ. ಹೋಟೆಲಿನ ದೊಡ್ಡ ಹಾಲಿನಲ್ಲಿ ಹೆಂಗಸರೇ ಹೆಂಗಸರು, ಎಲ್ಲರ ಮುಖದಲ್ಲೂ ಮದುವೆಮನೆಯ ಹೊಳಪು. ವೇದಿಕೆಯ ಮೇಲೆ ಒಬ್ಬಾಕೆ ಇಂಗ್ಲಿಷಿನಲ್ಲಿ ಮಾತಾಡುತ್ತಾ ಅತ್ತರು. ಮಾತು ಅರ್ಥವಾಗಲಿಲ್ಲ, ಅಳು ಅರ್ಥವಾಯಿತು, ನಾನೂ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ತಿಳಿಯಿತು, ಅವರಿಗೆ ಸಮುದ್ರದ ಮೇಲೆ ಹಡಗಿನ ಪ್ರವಾಸ ಬಹುಮಾನ ಬಂದಿತ್ತಂತೆ. ಹೊಸಬರನ್ನು ಕರೆತಂದವರು ಕೈ ಎತ್ತಿ ಎಂದಾಗ ಫ್ರಿಸ್ಕೋದವರು ನನ್ನ ಕೈಯನ್ನೂ ಸೇರಿಸಿ ಎತ್ತಿದರು. ಇಡೀ ಹಾಲು ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಸುಮ್ಮನೆ ಬಂದು ಕೂತದ್ದಕ್ಕೆ ನನ್ನನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡದ್ದು ಅದೇ ಮೊದಲು. ಸುಳ್ಳೇಕೆ, ಖುಷಿಯಾಯಿತು.

ಆ ಖುಷಿಗೆ ದಂಡ ತೆರಬೇಕಾಯಿತು. ವಯಸ್ಸಾದ ಚರ್ಮದ ಮೇಲೆ ತೋರಿಸಲು ಒಂದು ಮುಖ ಬೇಕೆಂದು ವೇದಿಕೆಗೆ ನನ್ನನ್ನೇ ಕರೆದರು. ಹಾಲಿನಲ್ಲಿ ನನ್ನಷ್ಟು ಅನುಕೂಲವಾದ ಸುಕ್ಕು ಇನ್ನಾರಿಗೂ ಇರಲಿಲ್ಲ. ಕುರ್ಚಿಯ ಮೇಲೆ ಕೂರಿಸಿ ಬಲಗಡೆಯ ಅರ್ಧ ಮುಖಕ್ಕೆ ಒಂದರ ಮೇಲೊಂದು ಹಚ್ಚಿದರು. ವ್ಯತ್ಯಾಸ ಕಾಣಲೆಂದು ಎಡಗಡೆ ಹಾಗೇ ಬಿಟ್ಟರು. ಕೊನೆಗೆ ಮೈಕು ಬಾಯಿಗೆ ಹಿಡಿದು ಏನನ್ನಿಸುತ್ತಿದೆ ಎಂದು ಕೇಳಿದರು. ಥ್ಯಾಂಕ್ಯೂ ಎಂದೆ. ಮತ್ತೆ ಚಪ್ಪಾಳೆ.

ಮೀಟಿಂಗು ಮುಗಿದ ಮೇಲೆ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿಗೆ ಹೋದೆವು. ಫ್ರಿಸ್ಕೋದವರಿಗೆ ಮಗಳಿಗೊಂದು ಲಂಗ ದಾವಣಿ ನೋಡಬೇಕಿತ್ತು. ಅರ್ಧ ಮುಖ ಒರೆಸಿಕೊಳ್ಳಲು ನನಗೆ ಯಾರೂ ಏನೂ ಕೊಟ್ಟಿರಲಿಲ್ಲ, ನಾನು ಕೇಳಿರಲೂ ಇಲ್ಲ. ಸೀರೆ ಅಂಗಡಿಯ ಬಾಗಿಲಲ್ಲಿ ನನ್ನ ಬಲಕ್ಕೆ ನಿಂತಿದ್ದವನು “ಆಯಿಯೇ ಆಂಟಿ, ಆಯಿಯೇ” ಎಂದು ನಗುನಗುತ್ತಾ ಕರೆದ. ನಾನು ಅವನ ಕಡೆ ಪೂರ್ತಿ ತಿರುಗಿದೆ. ಅವನ ನಗು ನಿಂತಿತು. “ಬೈಠಿಯೇ ಮಾತಾಜಿ” ಎಂದು ಒಂದು ಸ್ಟೂಲು ಎಳೆದುಹಾಕಿದ.

ಫ್ರಿಸ್ಕೋದವರು ನಕ್ಕು ನಕ್ಕು ಸೀರೆಯ ಗಂಟಿನ ಮೇಲೇ ಕೂತುಬಿಟ್ಟರು. “ಅಕ್ಕಾರ, ಒಂದ ಹೆಜ್ಜಿಗೆ ಇಪ್ಪತ್ತ ವರ್ಷ ಆತಲ್ರಿ ನಿಮಗ!”

ಊಟದ ಹೋಟೆಲಿನ ಬಾತ್‌ರೂಮಿನಲ್ಲಿ ಕನ್ನಡಿಯ ಮುಂದೆ ನಿಂತೆ. ಬಲಗಡೆಯವಳು ಯಾರೋ ಸುಖವಾಗಿ ಇರುವವಳು. ಅವಳನ್ನು ನೋಡಿ ಮೊದಲು ನಾಚಿಕೆಯಾಯಿತು, ಆಮೇಲೆ ಇಷ್ಟವಾಯಿತು. ನಲ್ಲಿ ಎದುರಿಗೇ ಇತ್ತು, ತೊಳೆದುಕೊಳ್ಳಲಿಲ್ಲ. ಹಾಗೇ ಕಾಪೆಲ್‌ವರೆಗೆ ಬಂದೆ. ಬಾಗಿಲು ತೆರೆದವಳು ಚಿಕ್ಕವಳು. “ಅಜ್ಜಿ, ವೈ ಈಸ್ ಹಾಫ್ ಯುವರ್ ಫೇಸ್ ಶೈನಿ?” ಎಂದು ಕೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. ಬಿಸಿಲು ಎಂದೆ. ಕಾರಿನಲ್ಲಿ ಬಲಗಡೆಗೇ ಬಿಸಿಲಿತ್ತು ಎಂದೂ ಸೇರಿಸಿದೆ.

ನಿಮ್ಮ ಅಮ್ಮನಿಂದ ಸುದ್ದಿ ತಿಳಿದು ಮರುದಿನ ಬೆಳಿಗ್ಗೆ ಆಸ್ಟಿನ್‌ನಿಂದ ದೊಡ್ಡವಳ ವಿಡಿಯೋ ಕಾಲು. ಅವಳ ಮುಖಕ್ಕಿಂತ ಮೊದಲು ಒಂದು ಕಾಗದ ಕಾಣಿಸಿತು. ಮೇಲೆ ಒಂದು ಚುಕ್ಕೆ, ಅದರ ಕೆಳಗೆ ನಾಲ್ಕು, ಅದರ ಕೆಳಗೆ ಹದಿನಾರು.

“ಅಜ್ಜಿ, ಲುಕ್. ದಿಸ್ ಈಸ್ ಯೂ,” ಎಂದು ಎಲ್ಲಕ್ಕಿಂತ ಕೆಳಗಿನ ಒಂದು ಚುಕ್ಕೆ ತೋರಿಸಿದಳು. “ಈ ರೋ ಆದ್ಮೇಲೆ ಕಾಪೆಲ್ ಆಂಟೀಸ್ ಎಲ್ಲಾ ಮುಗಿದುಹೋಗ್ತಾರೆ. ದೆನ್ ಹೂ ವಿಲ್ ಯೂ ಸೆಲ್ ಟು? ಡೋಂಟ್ ಸೈನ್ ಎನಿಥಿಂಗ್.”

ನನ್ನ ಹಿಂದಿನಿಂದ ನಿಮ್ಮ ಅಮ್ಮ, “ನಾನೂ ಅದೇ ಹೇಳ್ತಿರೋದು. ಅಮ್ಮ, ನಿಂಗೆ ಏನಾದ್ರೂ ಬೇಕಿದ್ರೆ ನನ್ನ ಕೇಳು. ಯಾರಾದ್ರೂ ನಿನ್ನ ಕೈಲಿ ಲಿಪ್‌ಸ್ಟಿಕ್ ಮಾರಿಸ್ತಿದ್ದಾರೆ ಅಂದ್ರೆ ಜನ ನನಗೆ ಏನಂತಾರೆ?” ಎಂದಳು.

ನೀನು ಹೇಳಿದ್ದು ಸರಿ ಎಂದು ನನಗೂ ಅನ್ನಿಸಿತು ದೊಡ್ಡವಳೇ. ಏಳನೇ ಕ್ಲಾಸಿನ ಗಣಿತಕ್ಕೂ ಅದು ತಿಳಿಯುತ್ತದೆ. ಆದರೆ ನಿನ್ನ ಚಿತ್ರದಲ್ಲಿ ಹನ್ನೊಂದು ಗಂಟೆಯ ಫೋನು ಎಲ್ಲೂ ಇರಲಿಲ್ಲ. ಮಾರಾಟ ಆಗುತ್ತದೋ ಬಿಡುತ್ತದೋ ಎಂಬುದು ನನ್ನ ಚಿಂತೆಯಲ್ಲ. ನಾನು ಸೇರದಿದ್ದರೆ ಅವರು ನನ್ನನ್ನು ಬಿಟ್ಟುಬಿಡುತ್ತಾರೋ ಎಂಬುದೇ ಚಿಂತೆ. ಇದನ್ನು ನಿಮಗೆ ಹೇಳಲು ನಾಚಿಕೆಯಾಗಿ, ಇನ್ನೂ ಯೋಚನೆ ಮಾಡುತ್ತಿದ್ದೇನೆ ಎಂದು ದೊಡ್ಡ ವ್ಯಾಪಾರಿಯ ಹಾಗೆ ಗಂಭೀರವಾಗಿ ಹೇಳಿದೆ.

ಫ್ರಿಸ್ಕೋದವರು ನನಗೆ ಮನೆಪಾಠವನ್ನೂ ಕೊಟ್ಟಿದ್ದರು: ನಿಮಗೆ ಗೊತ್ತಿರುವ ನೂರು ಜನರ ಹೆಸರು ಬರೆಯಿರಿ. ಚಿಕ್ಕವಳ ಹಳೆಯ ನೋಟ್‌ಬುಕ್ಕು ತೆಗೆದುಕೊಂಡು ಕೂತೆ. ಮೊದಲು ಫ್ರಿಸ್ಕೋದವರು. ಆಮೇಲೆ ನಿಮ್ಮ ಅಮ್ಮ, ಅಪ್ಪ, ನೀವಿಬ್ಬರು. ಎದುರು ಮನೆಯ ಚೀನೀ ಅಜ್ಜಿ. ನಾವಿಬ್ಬರೂ ಮಾತಿಲ್ಲದೆ ಸೊಪ್ಪು ಬದಲಾಯಿಸಿಕೊಳ್ಳುತ್ತೇವೆ. ಕೈ ಬೀಸುವ ಅಂಚೆಯವಳು. ಹಲ್ಲಿನ ಡಾಕ್ಟರು. ದೇವಸ್ಥಾನದಲ್ಲಿ ತೀರ್ಥ ಕೊಡುವವರು. ಹತ್ತನೆಯದಕ್ಕೆ ಬಹಳ ಹೊತ್ತು ಯೋಚಿಸಿ ನಮ್ಮೂರಿನ ಅತ್ತಿಗೆಯ ಹೆಸರು ಬರೆದೆ, ಅವರು ಹೋಗಿ ಮೂರು ವರ್ಷವಾಯಿತೆಂದು ನೆನಪಾಗಿ ಹೊಡೆದುಹಾಕಿದೆ. ಒಂಬತ್ತು ಜನ. ಅದರಲ್ಲಿ ಫ್ರಿಸ್ಕೋದವರನ್ನು ಬಿಟ್ಟು ಲಿಪ್‌ಸ್ಟಿಕ್ ಹಚ್ಚುವವರು ಮೂವರು, ಆ ಮೂವರೂ ನನ್ನ ಮೇಲೆ ಕೋಪ ಮಾಡಿಕೊಂಡು ಕೂತವರು. ಇಲ್ಲ, ಅಂಚೆಯವಳು ಕೋಪ ಮಾಡಿಕೊಂಡಿರಲಿಲ್ಲ.

ಪಟ್ಟಿ ನೋಡಿ ಫ್ರಿಸ್ಕೋದವರು ನಕ್ಕರು. “ಇರ್ಲಿ ಬಿಡ್ರಿ. ಮೊದಲ ಒಂದ್ ಡೆಮೊ ಮಾಡೂಣು ನಿಮ್ಮ ಮನ್ಯಾಗ. ಕೈ ತಿಳೀಲಿ. ಆಮ್ಯಾಲ ಸೇರೂದ ಬಿಡೂದ ನೋಡೂಣಂತ.” ನಿಮ್ಮ ಅಮ್ಮನ ಪರಿಚಯದ ಆರು ಜನ ಹೆಂಗಸರಿಗೆ ಅವರೇ ಮೆಸೇಜು ಹಾಕಿದರು. ಗುರುವಾರ ಮಧ್ಯಾಹ್ನ ಒಂದು ಗಂಟೆಗೆ. ನಿಮ್ಮ ಅಮ್ಮ ಆಫೀಸಿಗೆ ಹೋಗಿರುತ್ತಾಳೆ. ಅವಳಿಗೆ ಹೇಳಿದ್ದೆ, ಅವಳು ತುಟಿ ಬಿಗಿದುಕೊಂಡು, “ಮಾಡ್ಕೋ, ನಂಗೆ ಏನೂ ಹೇಳ್ಬೇಡ” ಎಂದಿದ್ದಳು.

ಬೆಳಿಗ್ಗೆ ಐದಕ್ಕೆ ಎದ್ದು ಸಜ್ಜಿಗೆ, ಅಂಬೊಡೆ, ಮಜ್ಜಿಗೆ ಮಾಡಿದೆ. ಇದು ತಿಂಡಿಯ ಕಾರ್ಯಕ್ರಮವಲ್ಲ ಎಂದು ಫ್ರಿಸ್ಕೋದವರು ತಲೆ ಚಚ್ಚಿಕೊಂಡರು. ಬಂದವರು ಅಂಬೊಡೆಯ ಎಣ್ಣೆಗೈಯಲ್ಲಿ ಕ್ರೀಮು ಮುಟ್ಟಬೇಕಾಯಿತು. ಆದರೆ ಎಲ್ಲರೂ ನಗುತ್ತಿದ್ದರು, ಒಬ್ಬರ ಕೆನ್ನೆಗೊಬ್ಬರು ಹಚ್ಚುತ್ತಿದ್ದರು. ಪಕ್ಕದ ಬೀದಿಯಲ್ಲಿ ಬಾಡಿಗೆಗಿರುವ, ಓದಲು ಬಂದ ಹುಡುಗಿಯೊಬ್ಬಳು ಕೆಂಪು ಬಣ್ಣ ಹಚ್ಚಿಕೊಂಡು ಕನ್ನಡಿಯಲ್ಲಿ ಹತ್ತು ಸಲ ತುಟಿ ನೋಡಿಕೊಂಡಳು. ಮನೆ ತುಂಬಿತ್ತು. ಫ್ರಿಜ್ಜಿನ ಸದ್ದೇ ಕೇಳಿಸಲಿಲ್ಲ.

ಎರಡೂವರೆಗೆ ಫ್ರಿಸ್ಕೋದವರು ಗಡಿಯಾರ ನೋಡಿ ಎದ್ದರು. ಮಗಳನ್ನು ಶಾಲೆಯಿಂದ ಕರೆತರಬೇಕು. ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. “ಒಂದ್ ತಾಸಿನ್ಯಾಗ ಬರ್ತೀನ್ರಿ. ಅವರು ಹೋಗೂ ಮುಂದ ಒಬ್ಬೊಬ್ಬರನ್ನ ಕೇಳ್ರಿ, ಯಾವುದ ತಗೋತೀರಿ ಅಂತ. ಫಾರಂ ಮ್ಯಾಲ ಬರಕೋರಿ, ರೊಕ್ಕ ಇಸಕೋರಿ. ಬ್ಯಾರೆ ಏನೂ ಮಾತಾಡಬ್ಯಾಡ್ರಿ.”

ಬೇರೆ ಏನೂ ಮಾತಾಡದಿರುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಧೈರ್ಯ ಬಂತು.

ಸ್ವಲ್ಪ ಹೊತ್ತಿಗೆ ಒಬ್ಬರು “ಬರ್ತೀನಿ ಆಂಟಿ” ಎಂದು ಎದ್ದರು. ಹೇಳಿಕೊಟ್ಟ ಹಾಗೇ ಕೇಳಿದೆ: “ಯಾವ್ದು ತಗೋತೀರಮ್ಮ?”

“ಈ ಮರೂನು ಚೆನ್ನಾಗಿದೆ. ಎಷ್ಟಾಗುತ್ತೆ ಆಂಟಿ?”

ಬೆಲೆಯ ಪಟ್ಟಿ ಕೈಯಲ್ಲೇ ಇತ್ತು. ಆದರೆ ಅವರು ನಮ್ಮ ಮನೆಯ ಹೊಸಿಲಿನ ಹತ್ತಿರ ನಿಂತಿದ್ದರು, ಚಪ್ಪಲಿ ಹುಡುಕುತ್ತಿದ್ದರು. ಹೊರಟು ನಿಂತ ಹೆಣ್ಣುಮಗಳಿಗೆ ನಮ್ಮಲ್ಲಿ ಏನು ಮಾಡುತ್ತಾರೆ ಎಂಬುದು ನಿಮಗೆ ಗೊತ್ತಿರಬೇಕು. ನಿಮ್ಮ ಅಮ್ಮ ವರಮಹಾಲಕ್ಷ್ಮಿ ಹಬ್ಬಕ್ಕೆ ಮಾಡುವುದನ್ನು ನೋಡಿದ್ದೀರಿ. ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ಹಣ್ಣು, ರವಿಕೆ ಕಣ ಚೀಲಕ್ಕೆ ಹಾಕಿ ಕಳಿಸುತ್ತಾರೆ. ನಿಮ್ಮ ತಾತ ಹೋದ ಮೇಲೆ ಅದು ನನ್ನ ಕೆಲಸವಲ್ಲ. ಅಂದಿನಿಂದ ಅಂಥ ಹೊತ್ತಿನಲ್ಲಿ ನಾನು ಒಳಗೆ ಪಾತ್ರೆ ಜೋಡಿಸುತ್ತಿರುತ್ತೇನೆ. ಯಾರೂ ಜೋಡಿಸು ಎಂದಿಲ್ಲ, ನಾನೇ ಹೋಗುವುದು. ಆವತ್ತು ನಿಮ್ಮ ಅಮ್ಮ ಇರಲಿಲ್ಲ. ಬಾಗಿಲಲ್ಲಿ ನಾನೇ ಇದ್ದೆ.

“ಎಷ್ಟೂ ಇಲ್ಲ. ತಗೊಳ್ಳಿ,” ಎಂದುಬಿಟ್ಟಿತು ಬಾಯಿ.

“ಅಯ್ಯೋ, ಹಾಗಂದ್ರೆ ಹೇಗೆ ಆಂಟಿ?”

“ಬರಿಗೈಲಿ ಹೋಗಬಾರದು. ಇರಿ.”

ನಿಮ್ಮ ಅಮ್ಮ ಮೈಸೂರಿನಿಂದ ಕಟ್ಟು ಕಟ್ಟಾಗಿ ತಂದಿಟ್ಟ ತಾಂಬೂಲದ ಚೀಲಗಳು ಮೆಟ್ಟಿಲಿನ ಕೆಳಗಿನ ಕಪಾಟಿನಲ್ಲಿದ್ದವು. ಓಡಿಹೋಗಿ ತಂದೆ. ಒಂದು ಬಾಳೆಹಣ್ಣು, ಮರೂನು ಲಿಪ್‌ಸ್ಟಿಕ್ಕು. ಕುಂಕುಮ ಕೊಡಲು ನನ್ನ ಕೈ ಏಳಲಿಲ್ಲ. ಲಿಪ್‌ಸ್ಟಿಕ್ ಕೊಡಬಾರದೆಂದು ಯಾವ ಶಾಸ್ತ್ರದಲ್ಲೂ ಕೇಳಿರಲಿಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡಲಾಗುತ್ತದೆಯೇ? ಆರು ಜನಕ್ಕೆ ಆರು. ಮೂವರ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳಿದ್ದರು, ಅವರಿಗೆ ಮೂರು. ಯಾರಿಗೂ ಕಡಿಮೆ ಕಾಣಬಾರದೆಂದು ಕ್ರೀಮಿನ ಡಬ್ಬಿಗಳನ್ನು ಹೊಂದಿಸಿ ಹಾಕಿದೆ. ಎರಡು ಚೀಲ ಆದರೂ ಹಗುರ ಎನ್ನಿಸಿತು, ಕಾಡಿಗೆ ಸೇರಿಸಿದೆ. ಒಬ್ಬಿಬ್ಬರು ಬೇಡವೆಂದು ಕೈ ಹಿಡಿದರು. ಅಷ್ಟು ಗಟ್ಟಿಯಾಗಿ ಒತ್ತಾಯ ಮಾಡಿದ ನನ್ನ ಧ್ವನಿ ನನಗೇ ಹೊಸದು. ಓದುವ ಹುಡುಗಿ ಬಗ್ಗಿ ಕಾಲಿಗೆ ಬಿದ್ದಳು. ಅಷ್ಟು ಹಗುರವಾದ ಮಧ್ಯಾಹ್ನ ಈಚೆಗೆ ನಾನು ಕಂಡಿರಲಿಲ್ಲ.

ಫ್ರಿಸ್ಕೋದವರು ಬಂದರು. “ಎಷ್ಟ ಹೋತ್ರಿ ಅಕ್ಕಾರ?”

“ಎಲ್ಲಾ ಹೋಯ್ತು.”

ಅವರು ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು, ಬಂದು ಗಟ್ಟಿಯಾಗಿ ತಬ್ಬಿಕೊಂಡರು. “ನಾ ಹೇಳಿದ್ದಿಲ್ಲೇನ್ರಿ! ನೀವು ಸುಮ್ನ ಕುಂತ್ರ ಸಾಕು, ಮಾಲ ಹೋಗ್ತೈತಿ! ಎಲ್ಲೈತ್ರಿ ಫಾರಂ?”

ಫಾರಂ ಕೊಟ್ಟೆ. ಅದರ ಮೇಲೆ ಏನೂ ಇರಲಿಲ್ಲ. ತಿರುಗಿಸಿ ಹಿಂದುಗಡೆ ನೋಡಿದರು, ಅಲ್ಲೂ ಇರಲಿಲ್ಲ. ನಾನು ಹೇಳಿದೆ. ಬಾಳೆಹಣ್ಣಿನ ವಿಷಯವನ್ನೂ ಬಿಡದೆ ಹೇಳಿದೆ, ಅದರಿಂದ ಏನಾದರೂ ಹಗುರವಾದೀತೆಂದು. ಅವರು ಕುರ್ಚಿಯ ಮೇಲೆ ಕೂತರು. ಮೊದಲು ನಗು ಬಂತು ಅವರಿಗೆ. ಆಮೇಲೆ ನಗು ಇರಲಿಲ್ಲ.

“ಮಾಲಿನ ಮಾತ ಬಿಡ್ರಿ,” ಎಂದರು. “ಈ ತಿಂಗಳ ನನಗ ಟೀಮಿಗೆ ಹೊಸಬರು ಒಬ್ಬರ ಬೇಕ ಬೇಕ್ರಿ, ಇಲ್ಲಂದ್ರ ಕಂಪನ್ಯಾಗ ನನ್ನ ಲೆವೆಲ್ ಕೆಳಗ ಬೀಳ್ತೈತಿ. ಹ್ಯೂಸ್ಟನ್ನಾಗ ಎಲ್ಲಾರ ಮುಂದ ಹೇಳೀನಿ ನಿಮ್ಮ ಹೆಸರ. ಒಂದ್ ಸಹಿ ಹಾಕ್ರಿ ಸಾಕು. ಮಾರೂದ ಏನೂ ಬ್ಯಾಡ, ನಾ ನೋಡ್ಕೋತೀನಿ.”

ಪೆನ್ನು ಹುಡುಕಲು ಅವರು ತಮ್ಮ ಫೈಲು ಬಿಡಿಸಿದರು. ಅದರಲ್ಲಿ ಅವರ ನೂರು ಜನರ ಪಟ್ಟಿ ಇತ್ತು, ದುಂಡನೆಯ ಕನ್ನಡ ಅಕ್ಷರ. ಓದಬಾರದಿತ್ತು, ಕಣ್ಣು ಓದಿತು. ಅರವತ್ತಮೂರನೆಯ ಸಾಲಿನಲ್ಲಿ: ‘ಕಾಪೆಲ್ ಅಕ್ಕಾರ, ಹೀರೀಕಾಯಿ.’ ನನ್ನ ಪಟ್ಟಿಯಲ್ಲಿ ಅವರು ಮೊದಲನೆಯವರು. ಅವರ ಪಟ್ಟಿಯಲ್ಲಿ ನಾನು ಅರವತ್ತಮೂರು. ತರಕಾರಿಯ ಹತ್ತಿರ ಮಾತಾಡಿಸಿದಾಗಲೇ ಬರೆದುಕೊಂಡಿದ್ದರೋ, ಆಮೇಲೆ ಬರೆದರೋ, ಕೇಳಲಾಗಲಿಲ್ಲ. ಇವರಿಗೆ ಇಷ್ಟೊಂದು ಜನ ಗೊತ್ತಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಸಹಿ ಹಾಕಿದರೆ ನಾಳೆ ಹನ್ನೊಂದಕ್ಕೆ ಫೋನು ಗ್ಯಾರಂಟಿ. ಪೆನ್ನು ಕೈಯಲ್ಲಿ ಹಿಡಿದಿದ್ದೆ ಕೂಡ. ಆದರೆ ಸಹಿ ಹಾಕಿದ ಮೇಲೆ ನಾನೂ ನಾಲ್ಕು ಜನರನ್ನು ಹುಡುಕಬೇಕು. ಅಂಗಡಿಯಲ್ಲಿ ಒಬ್ಬಳೇ ನಿಂತ ಯಾವಳಾದರೂ ಮುದುಕಿ ಕಂಡರೆ ಹತ್ತಿರ ಹೋಗಿ ಹೀರೇಕಾಯಿ ಕೇಳಬೇಕು. ಅವಳು ಮರುದಿನದಿಂದ ಹತ್ತೂ ಮುಕ್ಕಾಲಿಗೆ ಒಲೆ ಆರಿಸಿ ಕಾಯತೊಡಗಿದರೆ?

“ನನ್ನ ಕೈಲಾಗಲ್ಲ ಕಣಮ್ಮ,” ಎಂದೆ. ಅರವತ್ತೇಳು ವರ್ಷದಲ್ಲಿ ಅಷ್ಟು ನೆಟ್ಟಗೆ ನಾನು ಯಾರಿಗೂ ಇಲ್ಲ ಎಂದದ್ದಿಲ್ಲ. ಹೇಳಿದ್ದು ಮಾತ್ರ ನನಗೆ ಬೇಕಾದ ಒಬ್ಬರೇ ಒಬ್ಬರಿಗೆ.

ಅವರು ಜಗಳವಾಡಲಿಲ್ಲ. ಪೆಟ್ಟಿಗೆ ಎಳೆದುಕೊಂಡು ಹೋದರು. ಅದು ಬರುವಾಗ ಇದ್ದುದಕ್ಕಿಂತ ಹಗುರವಾಗಿತ್ತು, ನನ್ನ ದಯೆಯಿಂದ. ಹಂಚಿದ್ದಕ್ಕೆಲ್ಲ ಆವತ್ತು ಸಂಜೆಯೇ ನಿಮ್ಮ ಅಮ್ಮ ಫೋನಿನಲ್ಲೇ ದುಡ್ಡು ಕಳಿಸಿದಳು. ಆಮೇಲೆ ಖಾಲಿಯಾದ ತಾಂಬೂಲದ ಚೀಲದ ಕಟ್ಟು ನೋಡಿದಳು, ನನ್ನನ್ನು ನೋಡಿದಳು, ಬೈಯಲೆಂದು ಬಾಯಿ ತೆರೆದು, “ಬಾಗಿಲಲ್ಲಿ ನೀನೇ ಕೊಟ್ಯಾ?” ಎಂದಷ್ಟೇ ಕೇಳಿದಳು. ಹೂಂ ಎಂದೆ. ನಗಲು ಶುರು ಮಾಡಿದ್ದು ಆಮೇಲೆ.

ಮರುದಿನ ಹನ್ನೊಂದಕ್ಕೆ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಾರಿನ ವಾರಂಟಿಯ ಯಂತ್ರ ಒಮ್ಮೆ ಬಂತು. ಆ ದಿನ ನಾನು ಮಧ್ಯದಲ್ಲೇ ಇಟ್ಟೆ. ಆರನೆಯ ದಿನ ಎಡಗೈ ಬಲಗೈ ಹಿಸುಕಿಕೊಂಡು ಮನೆಯೆಲ್ಲ ಓಡಾಡಿದೆ. ಎಂಟನೆಯ ದಿನ ಒಂದು ಚೀಟಿಯಲ್ಲಿ ಮಾತು ಬರೆದುಕೊಂಡೆ. ಒಂದು: ತಪ್ಪಾಯಿತು. ಎರಡು: ಮಗಳ ಗಣಿತ ಹೇಗಿದೆ. ಮೂರು: ಮನೆಗೆ ಬನ್ನಿ. ಫೋನಿನಲ್ಲಿ ಅವರ ಹೆಸರು ಹುಡುಕಿ ಒತ್ತಿದೆ. ಅತ್ತಲಿಂದ ಬೇಗ ಎತ್ತಿಬಿಟ್ಟರು, ನನಗೆ ಚೀಟಿ ಬಿಡಿಸಲೂ ಸಮಯ ಸಿಗಲಿಲ್ಲ.

“ಊಟ ಆಯ್ತಾ?” ಎಂದೆ.

“ಹನ್ನೊಂದಕ್ಕ ಯಾರ್ ಊಟ ಮಾಡ್ತಾರ್ರಿ?” ಎಂದರು. ಆಮೇಲೆ ತಡೆದು, “ಅಕ್ಕಾರ? ನೀವ ಫೋನ್ ಮಾಡೀರೇನ್ರಿ?”

“ಹೂಂ. ನಾನೇ.”

ಚೀಟಿ ಬಿಡಿಸಿದೆ. ಆದರೆ ನನ್ನ ಬಾಯಿಂದ ಚೀಟಿಯಲ್ಲಿ ಇಲ್ಲದ್ದೇ ಬಂತು. “ನಾನು ಅರವತ್ತಮೂರನೇ ನಂಬರು ಅಂತ ನೋಡಿಬಿಟ್ಟೆ ಕಣಮ್ಮ.”

“ಅಯ್ಯ ಶಿವನ,” ಎಂದರು ಅವರು. “ಅದಕ್ಕೇನ್ರಿ? ಮೊದಲಿನ ಅರವತ್ತೆರಡು ಮಂದಿ ಈಗ ನನ್ನ ಫೋನ್ ಎತ್ತೂದ ಬಿಟ್ಟಾರ್ರಿ. ನಮ್ಮ ಅತ್ತಿಗಿ ಸೈತ ಎತ್ತಂಗಿಲ್ಲ. ನೀವೂ ಎತ್ತದ ಹೋದ್ರ ಅಂತ ನಾ ಮಾಡ್ಲಿಲ್ಲ.”

ಇಂಥ ಕಡೆ ಬುದ್ಧಿವಂತರು ಏನಾದರೂ ಒಳ್ಳೆಯ ಮಾತು ಹೇಳುತ್ತಾರೆ. ನಾನು ಹೂಂ ಎಂದೆ. ಆಮೇಲೆ ಇವತ್ತು ಏನು ಅಡುಗೆ ಎಂದು ಕೇಳಿದೆ. ಬದನೆಕಾಯಿ ಎಂದರು, ಎಣ್ಣೆಗಾಯಿ ಮಾಡುವುದನ್ನು ಹೇಳಲು ಶುರು ಮಾಡಿದರು.

ಅವರ ಲೆವೆಲು ಆ ತಿಂಗಳು ಬಿತ್ತಂತೆ. ಮತ್ತೆ ಏರಿಸಲು ಓಡಾಡುತ್ತಲೇ ಇದ್ದಾರೆ. ಆ ವ್ಯವಹಾರ ಬಿಟ್ಟಿಲ್ಲ, ಬಿಡಿ ಎಂದು ನಾನು ಹೇಳಿಯೂ ಇಲ್ಲ. ಮೊದಲಿನ ಹಾಗೆ ದಿನಾ ಮಾತಿಲ್ಲ. ಕೆಲವು ದಿನ ಅವರು ಯಾರದೋ ಮನೆಯಲ್ಲಿ ಡೆಮೊದಲ್ಲಿರುತ್ತಾರೆ, ಎತ್ತುವುದಿಲ್ಲ. ಮಂಗಳವಾರ, ಶುಕ್ರವಾರ ಫೋನ್ ಮಾಡುವವಳು ನಾನು. ಬಾಯಿಪಾಠ ಇನ್ನೂ ಬಂದಿಲ್ಲ, ಚೀಟಿ ಬೇಕು. ಕಾಗದದ ಸದ್ದು ಅವರಿಗೆ ಕೇಳಿಸುತ್ತದಂತೆ.

“ಇವತ್ತ ಚೀಟ್ಯಾಗ ಏನೇನ ಐತ್ರಿ ಅಕ್ಕಾರ?” ಎನ್ನುತ್ತಾರೆ. “ಓದ್ರಿ, ಓದ್ರಿ. ಮೊದಲನೇದ್ದು?”

ನಾನು ಕನ್ನಡಕ ಏರಿಸಿಕೊಂಡು ಓದುತ್ತೇನೆ.